ಅಕ್ಕಿಹೆಬ್ಬಾಳಿನ ಮೂರ್ತಿರಾಯರು

ಸುವರ್ಣ ಮಹೋತ್ಸವದ ಸಂಚಿಕೆಗೆ ಯಾರಾದರೂ ಮಹನೀಯರ ಬಗ್ಗೆ ಒಂದು ಲೇಖನ ಬರೆದುಕೊಡಬೇಕೆಂದು ಸಮಿತಿಯ ಹಿರಿಯರು ಫೋನ್ ಮಾಡಿದ್ದರು. ಬಿ.ಇ. ಓದಿದವನಾದ್ದರಿಂದ ನಾನು ಸರ್ ಎಂ. ವಿಶ್ವೇಶ್ವರಯ್ಯನವರ ಬಗ್ಗೆಯೇ ಬರೆಯುತ್ತೇನೆಂದು ಅವರು ಎಣಿಸಿದ್ದರು. ನಾನು ಎ.ಎನ್. ಮೂರ್ತಿರಾಯರ ಹೆಸರು ಹೇಳಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ದೇವರಿಲ್ಲ ಅಂತ ಬರೆದರಲ್ಲ ಅವರಾ ಎಂದು ಕೇಳಿದರು. ಹೌದು ಎಂದೆ. ಊರಿನ ದೊಡ್ಡವರು, ಹೆಣ್ಣುಮಕ್ಕಳು ಎಲ್ಲರೂ ಓದುವ ಪುಸ್ತಕ, ನೋಡಿಕೊಂಡು ಬರಿಯಪ್ಪಾ ಎಂದು ಹೇಳಿ ಒಪ್ಪಿದರು. ನೋಡಿಕೊಂಡೇ ಬರೆಯುತ್ತಿದ್ದೇನೆ. ತಪ್ಪಿದ್ದರೆ ಹಿರಿಯರು ಮನ್ನಿಸಬೇಕು.

ನಾನು ಮೂರ್ತಿರಾಯರ ಹೆಸರು ಮೊದಲು ಕೇಳಿದ್ದು ನಮ್ಮ ಶಾಲೆಯ ಧ್ವಜಸ್ತಂಭದ ಕಟ್ಟೆಯ ಮೇಲೆ ನಿಂತುಕೊಂಡು. ಕೇಳಿದ್ದು ಎನ್ನುವುದಕ್ಕಿಂತ ನಾನೇ ಹೇಳಿದ್ದು ಎನ್ನಬೇಕು. 2003ರ ಆಗಸ್ಟ್ ತಿಂಗಳು. ನಾನು ಒಂಬತ್ತನೇ ತರಗತಿ. ನಮ್ಮ ಕಾಲದವರಿಗೆ ನೆನಪಿರಬಹುದು, ಪ್ರಾರ್ಥನೆ ಮುಗಿದ ಮೇಲೆ ಒಬ್ಬ ವಿದ್ಯಾರ್ಥಿ ದಿನಪತ್ರಿಕೆಯ ಮುಖ್ಯ ಸುದ್ದಿಗಳನ್ನು ಓದಬೇಕಿತ್ತು. ಆ ವಾರ ನನ್ನ ಸರದಿ. ಹಿರಿಯ ಸಾಹಿತಿ, 'ದೇವರು' ಕೃತಿಯ ಕರ್ತೃ ಎ.ಎನ್. ಮೂರ್ತಿರಾವ್ ತಮ್ಮ 103ನೇ ವಯಸ್ಸಿನಲ್ಲಿ ನಿಧನರಾದರು ಎಂಬ ಸುದ್ದಿ ಇತ್ತು. ಕೈಕಾಲು ನಡುಗುತ್ತಿದ್ದ ನಾನು ಕೃತಿ, ಕರ್ತೃ ಎಲ್ಲವನ್ನೂ ನುಂಗಿಕೊಂಡು ದೇವರು ನಿಧನ ಎಂದು ಓದಿಬಿಟ್ಟೆ. ಇಡೀ ಮೈದಾನ ನಕ್ಕಿತು. ಪಿ.ಟಿ. ಮೇಷ್ಟ್ರು ನನ್ನ ಕಡೆ ಬಿಟ್ಟ ಕಣ್ಣು ಇವತ್ತಿಗೂ ಮರೆತಿಲ್ಲ.

ಮೊದಲ ಪೀರಿಯಡ್ಡಿಗೇ ಸ್ಟಾಫ್ ರೂಮಿನಿಂದ ಕರೆ ಬಂತು. ಏಟು ಬೀಳುತ್ತದೆಂದು ಅಂಗೈ ಉಜ್ಜಿಕೊಂಡೇ ಹೋದೆ. ಕರೆಸಿದ್ದವರು ಕನ್ನಡ ಮೇಷ್ಟ್ರು. ಅವರು ಬೈಯಲಿಲ್ಲ. ನೀನು ಓದಿದೆಯಲ್ಲ, ಆ ಮನುಷ್ಯ ನಮ್ಮ ಜಿಲ್ಲೆಯವರು, ಕೆ.ಆರ್. ಪೇಟೆ ತಾಲ್ಲೂಕು ಅಕ್ಕಿಹೆಬ್ಬಾಳಿನವರು ಎಂದು ಹೇಳಿ, ಮೂಲೆಯ ಕಬ್ಬಿಣದ ಬೀರು ತೆಗೆದು ಒಂದು ಪುಸ್ತಕ ತೋರಿಸಿದರು. ರಟ್ಟಿನ ಮೇಲೆ 'ದೇವರು' ಎಂದಿತ್ತು. ಕೈಗೆ ಕೊಡಲಿಲ್ಲ. ಇನ್ನೂ ಸ್ವಲ್ಪ ದೊಡ್ಡವನಾಗು ಎಂದು ಬೀರು ಮುಚ್ಚಿದರು. ಹತ್ತು ತಿಂಗಳಲ್ಲಿ ಅದೇ ಪುಸ್ತಕವನ್ನು ಅವರಾಗಿಯೇ ಕರೆದು ಕೊಟ್ಟರು. ಆ ಹತ್ತು ತಿಂಗಳ ನಡುವೆ ನಮ್ಮ ಮನೆಯಲ್ಲಿ ಆದದ್ದನ್ನು ಮುಂದೆ ಹೇಳುತ್ತೇನೆ.

ಅಕ್ಕಿಹೆಬ್ಬಾಳು ಹೇಮಾವತಿ ನದಿಯ ದಂಡೆಯ ಊರು. ಹಾಸನದಲ್ಲಿ ಬಿ.ಇ. ಓದುತ್ತಿದ್ದಾಗ ಮೈಸೂರಿಗೆ ಹೋಗುವ ಪ್ಯಾಸೆಂಜರ್ ರೈಲು ಅಲ್ಲಿ ನಿಲ್ಲುತ್ತಿತ್ತು. ಒಂದು ಸಲ ಬೇಕೆಂದೇ ಇಳಿದು ಊರೊಳಗೆ ಅಡ್ಡಾಡಿ ಬಂದೆ. ಹೊಳೆ, ಲಕ್ಷ್ಮೀನರಸಿಂಹ ದೇವಸ್ಥಾನ, ಗದ್ದೆ. ಮೂರ್ತಿರಾಯರು ಹುಟ್ಟಿದ್ದು 1900ರ ಜೂನ್ 16ರಂದು. ಪೂರ್ತಿ ಹೆಸರು ಅಕ್ಕಿಹೆಬ್ಬಾಳು ನರಸಿಂಹಮೂರ್ತಿ ರಾವ್. ಮುಂದೆ ದೇವರನ್ನೇ ಪ್ರಶ್ನೆ ಕೇಳಿದವರ ಹೆಸರಿನಲ್ಲಿ ಊರ ದೇವರು ಕೊನೆತನಕ ಕೂತಿದ್ದ. ಆಗ ಮಂಡ್ಯ ಜಿಲ್ಲೆ ಎಂಬುದೇ ಇರಲಿಲ್ಲ, ಅದು ಆದದ್ದು 1939ರಲ್ಲಿ. ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾದದ್ದು 1911ರಲ್ಲಿ, ಅವರು ಹನ್ನೊಂದು ವರ್ಷದ ಹುಡುಗನಾಗಿದ್ದಾಗ. ವಿಶ್ವೇಶ್ವರಯ್ಯನವರ ಬಗ್ಗೆ ಲೇಖನ ಬೇಕೆಂದಿದ್ದ ಹಿರಿಯರಿಗೆ ಸಮಾಧಾನವಾಗಲೆಂದು ಈ ಮಾತು ಸೇರಿಸಿದ್ದೇನೆ.

ಮೇಲುಕೋಟೆ, ನಾಗಮಂಗಲಗಳಲ್ಲಿ ಚಿಕ್ಕಂದಿನ ಓದು. ಆಮೇಲೆ ಮೈಸೂರಿನ ವೆಸ್ಲಿಯನ್ ಮಿಷನ್ ಹೈಸ್ಕೂಲು, ಅಲ್ಲಿಂದ ಮಹಾರಾಜಾ ಕಾಲೇಜು. ಯೋಚಿಸಿ ನೋಡಿ. ಮೇಲುಕೋಟೆ ಎಂದರೆ ಚೆಲುವನಾರಾಯಣನ ಊರು, ರಾಮಾನುಜಾಚಾರ್ಯರು ನೆಲೆಸಿದ್ದ ಊರು. ಅಲ್ಲಿಂದ ಹೋದದ್ದು ಪಾದ್ರಿಗಳ ಶಾಲೆಗೆ. ಎರಡು ಮತಗಳ ದೇವರನ್ನು ಮೀಸೆ ಮೂಡುವ ಮೊದಲೇ ಹತ್ತಿರದಿಂದ ನೋಡಿದ ಹುಡುಗ. ಮಹಾರಾಜಾ ಕಾಲೇಜಿನಲ್ಲಿ 1920ರ ಆಸುಪಾಸಿನ ಕಾಲ ಎಂದರೆ ರಾಧಾಕೃಷ್ಣನ್ ಅವರು ಅಲ್ಲಿ ತತ್ವಶಾಸ್ತ್ರ ಬೋಧಿಸುತ್ತಿದ್ದರು, ಬಿ.ಎಂ. ಶ್ರೀಕಂಠಯ್ಯನವರು ಇಂಗ್ಲಿಷ್ ಹೇಳುತ್ತಿದ್ದರು. ಬಿ.ಎಂ.ಶ್ರೀ ಇಂಗ್ಲಿಷ್ ಮೇಷ್ಟ್ರಾಗಿದ್ದುಕೊಂಡೇ ಇಂಗ್ಲಿಷ್ ಕಲಿತವರೆಲ್ಲ ಕನ್ನಡಕ್ಕೆ ದುಡಿಯಬೇಕೆಂದು ಊರೂರು ತಿರುಗಿ ಹೇಳಿದವರು. ಮೂರ್ತಿರಾಯರು ಆ ಮಾತನ್ನು ಅಕ್ಷರಶಃ ತೆಗೆದುಕೊಂಡರು. ಇಂಗ್ಲಿಷ್ ಎಂ.ಎ. ಮಾಡಿದರು, ಹೊಟ್ಟೆಪಾಡಿಗೆ ಇಂಗ್ಲಿಷ್ ಪಾಠ ಹೇಳಿದರು, ಬರೆದದ್ದೆಲ್ಲ ಕನ್ನಡದಲ್ಲಿ. ಗುರುಗಳ ಬಗ್ಗೆ ಮುಂದೆ ಒಂದು ಪುಸ್ತಕವನ್ನೂ ಬರೆದರು.

ಕೆಲಸದ ವಿವರ ಹೇಳಿ ಓದುಗರನ್ನು ದಣಿಸುವುದಿಲ್ಲ. ಮೈಸೂರು, ಶಿವಮೊಗ್ಗ, ಚಿತ್ರದುರ್ಗ, ಬೆಂಗಳೂರು ಎಂದು ಸರ್ಕಾರಿ ಕೆಲಸದ ವರ್ಗಾವಣೆಗಳು. ನಮ್ಮ ಶಾಲೆಯ ಮೇಷ್ಟ್ರುಗಳಿಗೆ ಇದು ಹೊಸದೇನಲ್ಲ. ನಡುವೆ ಮೈಸೂರು ಆಕಾಶವಾಣಿಯಲ್ಲೂ ಕೆಲವು ವರ್ಷ ಇದ್ದರು. ಮಹಾರಾಜಾ ಕಾಲೇಜಿನ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಶುರುಮಾಡಿದ ರೇಡಿಯೋ ಕೇಂದ್ರ ಅದು. ಇಡೀ ದೇಶದ ರೇಡಿಯೋಗೆ ಆಕಾಶವಾಣಿ ಎಂಬ ಹೆಸರು ಹೋದದ್ದು ಅಲ್ಲಿಂದಲೇ. 1955ರಲ್ಲಿ ನಿವೃತ್ತಿ. ನಿವೃತ್ತಿಯ ನಂತರ ಅವರು 48 ವರ್ಷ ಬದುಕಿದರು! ಕೆಲಸ ಮಾಡಿದ ವರ್ಷಗಳಿಗಿಂತ ಪಿಂಚಣಿ ಪಡೆದ ವರ್ಷಗಳು ಹೆಚ್ಚು. ಅವರ ಹೆಸರು ಮನೆಮಾತಾಗಿಸಿದ ಪುಸ್ತಕ ಬಂದದ್ದೂ ಆ 48 ವರ್ಷಗಳಲ್ಲೇ.

ಮೊದಲು ಅವರಿಗೆ ಹೆಸರು ತಂದದ್ದು ಲಲಿತ ಪ್ರಬಂಧ. 1937ರಲ್ಲಿ 'ಹಗಲುಗನಸುಗಳು' ಬಂತು, ಆಮೇಲೆ 'ಅಲೆಯುವ ಮನ'. ಪ್ರಬಂಧ ಎಂದರೆ ಪರೀಕ್ಷೆಯಲ್ಲಿ ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಎಂದು ಹತ್ತು ಅಂಕಕ್ಕೆ ಬರೆಯುವಂಥದು ಎಂದುಕೊಂಡಿದ್ದ ನನಗೆ ಅವು ಬೇರೆಯೇ ರುಚಿ ತೋರಿಸಿದವು. ಜಗಲಿಯ ಮೇಲೆ ಕೂತು ಎಲೆಯಡಿಕೆ ಹಾಕಿಕೊಂಡು ಒಬ್ಬ ತಿಳಿದ ಮನುಷ್ಯ ಮಾತಾಡುತ್ತ ಹೋದ ಹಾಗೆ. ಅವಸರವಿಲ್ಲ, ತನ್ನನ್ನೇ ಗೇಲಿ ಮಾಡಿಕೊಳ್ಳುವುದಕ್ಕೆ ನಾಚಿಕೆಯಿಲ್ಲ, ಯಾರ ಮೇಲೂ ಸಿಟ್ಟಿಲ್ಲ. ಇದನ್ನು ಯಾಕೆ ಒತ್ತಿ ಹೇಳುತ್ತೇನೆಂದರೆ, ದೇವರಿಲ್ಲ ಎಂದು ಬರೆದವರು ಎಂದ ಕೂಡಲೇ ಜನ ಕೆಂಪು ಕಣ್ಣಿನ, ಗಂಟುಮೋರೆಯ ಮನುಷ್ಯನನ್ನು ಕಲ್ಪಿಸಿಕೊಳ್ಳುತ್ತಾರೆ. ಮೂರ್ತಿರಾಯರ ಬರಹದಲ್ಲಿ ಆ ಮನುಷ್ಯ ಎಲ್ಲೂ ಸಿಗುವುದಿಲ್ಲ.

ನನಗೆ ಅವರ ಅನುವಾದಗಳ ಬಗ್ಗೆ ಹೆಚ್ಚು ಹೇಳಬೇಕೆನಿಸುತ್ತದೆ. ಅದಕ್ಕೆ ಕಾರಣವಿದೆ. ತೊಂಬತ್ತನೇ ವಯಸ್ಸಿನಲ್ಲಿ ಮುದುಕ ಇದ್ದಕ್ಕಿದ್ದ ಹಾಗೆ ನಾಸ್ತಿಕನಾದ ಎಂದು ಹೇಳುವವರಿದ್ದಾರೆ. ಅವರು ಕನ್ನಡಕ್ಕೆ ತಂದ ಪುಸ್ತಕಗಳನ್ನು ಸಾಲಾಗಿ ಇಟ್ಟು ನೋಡಿದರೆ ಹಾಗೆ ಕಾಣುವುದಿಲ್ಲ.

'ಆಷಾಢಭೂತಿ'ಯನ್ನೇ ತೆಗೆದುಕೊಳ್ಳಿ. ಇದು ಫ್ರಾನ್ಸಿನ ಮೋಲಿಯೇರ್ ಬರೆದ 'ತಾರ್ತೂಫ್' ನಾಟಕದ ಕನ್ನಡ ರೂಪ. ಒಬ್ಬ ಅನುಕೂಲಸ್ಥ ಗೃಹಸ್ಥ. ದೊಡ್ಡ ಭಕ್ತನೆಂದು ನಂಬಿ ಒಬ್ಬನನ್ನು ಮನೆಗೆ ಕರೆತಂದು ಇಟ್ಟುಕೊಳ್ಳುತ್ತಾನೆ. ಹೆಂಡತಿ, ಮಗ, ಮೈದುನ ಯಾರು ಹೇಳಿದರೂ ಕೇಳುವುದಿಲ್ಲ. ಮಗಳನ್ನು ಅವನಿಗೇ ಕೊಡುತ್ತೇನೆನ್ನುತ್ತಾನೆ, ಆಸ್ತಿಯನ್ನು ಅವನ ಹೆಸರಿಗೆ ಬರೆಯುತ್ತಾನೆ. ಕೊನೆಗೆ ಹೆಂಡತಿ ಅವನನ್ನು ಮೇಜಿನ ಕೆಳಗೆ ಅಡಗಿಸಿಟ್ಟು, ಆ ಭಕ್ತಶಿರೋಮಣಿ ತನ್ನ ಕೈ ಹಿಡಿಯಲು ಬರುವುದನ್ನು ಕೇಳಿಸುತ್ತಾಳೆ. 1664ರಲ್ಲಿ ಮೊದಲು ಆಡಿದಾಗ ಧರ್ಮದ ಅವಹೇಳನವೆಂದು ದೊಡ್ಡ ಗಲಾಟೆಯಾಗಿ, ರಾಜ ಹದಿನಾಲ್ಕನೇ ಲೂಯಿ ನಾಟಕವನ್ನೇ ನಿಲ್ಲಿಸಿಬಿಟ್ಟ. ಮತ್ತೆ ಧಾರಾಳವಾಗಿ ಆಡಲು ಅಪ್ಪಣೆ ಸಿಕ್ಕಿದ್ದು ಐದು ವರ್ಷದ ಮೇಲೆ. ಮೂರ್ತಿರಾಯರು ಅದಕ್ಕೆ ಕೊಟ್ಟ ಹೆಸರು ನೋಡಿ. ಆಷಾಢಭೂತಿ ಪಂಚತಂತ್ರದವನು. ಸಂನ್ಯಾಸಿಯ ಶಿಷ್ಯನಾಗಿ ಸೇರಿ, ಭಯಭಕ್ತಿ ತೋರಿಸಿ, ಸಮಯ ನೋಡಿ ಗುರುವಿನ ದುಡ್ಡಿನ ಗಂಟು ಹೊಡೆದವನು. ಪ್ಯಾರಿಸ್ಸಿನ ಕಳ್ಳನಿಗೆ ನಮ್ಮ ಕಳ್ಳನ ಹೆಸರು. ಈ ಜಾತಿಯವರು ಫ್ರಾನ್ಸಿನಲ್ಲಿ ಮಾತ್ರ ಇಲ್ಲ, ನಮ್ಮಲ್ಲಿ ಸಾವಿರಾರು ವರ್ಷದಿಂದ ಇದ್ದಾರೆ ಎಂಬುದನ್ನು ಹೆಸರಿನಲ್ಲೇ ಹೇಳಿ ಮುಗಿಸಿದರು. ನಮ್ಮ ಶಾಲಾ ವಾರ್ಷಿಕೋತ್ಸವದಲ್ಲಿ ಇದನ್ನು ಯಾರೂ ಇದುವರೆಗೆ ಆಡಿಸಿಲ್ಲ. ಆಡಿಸಿದರೆ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ.

ಇನ್ನೊಂದು 'ಸಾಕ್ರಟೀಸನ ಕೊನೆಯ ದಿನಗಳು', ಪ್ಲೇಟೋ ಬರೆದ ಸಂವಾದಗಳ ಅನುವಾದ. ಅಥೆನ್ಸಿನ ಸಾಕ್ರಟೀಸನ ಮೇಲೆ ಇದ್ದ ಆರೋಪ ಎರಡು: ಊರಿನ ದೇವರುಗಳನ್ನು ಒಪ್ಪುವುದಿಲ್ಲ, ಹುಡುಗರನ್ನು ಕೆಡಿಸುತ್ತಾನೆ. ವಯಸ್ಸು ಎಪ್ಪತ್ತು. ಕ್ರಿಸ್ತಪೂರ್ವ 399ರಲ್ಲಿ ನಾಗರಿಕರೇ ಸೇರಿದ ದೊಡ್ಡ ಪಂಚಾಯಿತಿ ಅವನಿಗೆ ವಿಷ ಕುಡಿಸಬೇಕೆಂದು ತೀರ್ಮಾನಿಸಿತು. ತಪ್ಪಿಸಿಕೊಂಡು ಹೋಗಲು ಸ್ನೇಹಿತ ಕ್ರಿಟೋ ಎಲ್ಲ ಏರ್ಪಾಡು ಮಾಡಿದರೂ ಅವನು ಹೋಗಲಿಲ್ಲ. ವಿಷ ಕುಡಿದು ಕಾಲು ತಣ್ಣಗಾಗುತ್ತ ಬಂದಾಗ ಅವನು ಕ್ರಿಟೋಗೆ ಹೇಳಿದ ಕೊನೆಯ ಮಾತು ಯಾವುದರ ಬಗ್ಗೆ ಗೊತ್ತೇ? ಒಂದು ಹುಂಜದ ಬಗ್ಗೆ. ಅಸ್ಕ್ಲೀಪಿಯಸ್ ಎಂಬ ವೈದ್ಯದೇವತೆಗೆ ಒಂದು ಹುಂಜ ಬಾಕಿ ಇದೆ, ಮರೆಯದೆ ಒಪ್ಪಿಸಿಬಿಡು ಎಂದು. ವಿದ್ವಾಂಸರು ಇದಕ್ಕೆ ಏನೇನೋ ಅರ್ಥ ಹೇಳುತ್ತಾರೆ. ನಮ್ಮೂರಿನವರಿಗೆ ಅರ್ಥ ಹೇಳಬೇಕಾಗಿಯೇ ಇಲ್ಲ, ಅದು ಹರಕೆಯ ಕೋಳಿ. ದೇವರನ್ನು ಒಪ್ಪದವನೆಂದು ಕೊಂದರು, ಅವನು ಸಾಯುವಾಗ ಹರಕೆ ತೀರಿಸಲು ಹೇಳಿ ಹೋದ.

ಶೇಕ್ಸ್‌ಪಿಯರನ ಕೊನೆಕೊನೆಯ ನಾಟಕ 'ದಿ ಟೆಂಪೆಸ್ಟ್' ಅನ್ನು 'ಚಂಡಮಾರುತ' ಎಂದು ತಂದರು. ಮಂತ್ರಶಕ್ತಿಯಿಂದ ಶತ್ರುಗಳನ್ನು ಅಂಗೈಯಲ್ಲಿ ಹಿಡಿದುಕೊಂಡವನು ಅವರನ್ನು ಕ್ಷಮಿಸಿ, ಮಂತ್ರದಂಡ ಮುರಿದು, ಬರಿ ಮನುಷ್ಯನಾಗಿ ಊರಿಗೆ ಮರಳುವ ಕಥೆ. ಮಕ್ಕಳಿಗೆ 'ಹವಳದ ದ್ವೀಪ' ಇದೆ. ಕಪಟ ಭಕ್ತ, ದೈವನಿಂದೆಯ ಆರೋಪಕ್ಕೆ ಸತ್ತ ಮುದುಕ, ಮಂತ್ರ ಬಿಟ್ಟುಕೊಟ್ಟ ಮಾಂತ್ರಿಕ: ಇವರನ್ನೆಲ್ಲ ಕನ್ನಡದಲ್ಲಿ ಮಾತಾಡಿಸಲು ಒಬ್ಬ ಮನುಷ್ಯ ವರ್ಷಗಟ್ಟಲೆ ಕೂತಿದ್ದಾನೆಂದರೆ ಅವನ ತಲೆಯಲ್ಲಿ ಯಾವ ಪ್ರಶ್ನೆ ಕೊರೆಯುತ್ತಿತ್ತು ಎಂದು ಊಹಿಸುವುದು ಕಷ್ಟವಲ್ಲ.

ಸಾರ್ವಜನಿಕ ಗೌರವಗಳಿಗೆ ಕೊರತೆಯಿರಲಿಲ್ಲ. 1950ರ ದಶಕದಲ್ಲಿ ಕನ್ನಡ ಸಾಹಿತ್ಯ ಪರಿಷತ್ತಿನ ಅಧ್ಯಕ್ಷರಾಗಿದ್ದರು. 'ಚಿತ್ರಗಳು ಪತ್ರಗಳು' ಪುಸ್ತಕಕ್ಕೆ 1979ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 1984ರಲ್ಲಿ ಕೈವಾರದಲ್ಲಿ ನಡೆದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರು. ತಾತಯ್ಯನವರ ಪುಣ್ಯಕ್ಷೇತ್ರದಲ್ಲಿ ಇಂಥವರ ಅಧ್ಯಕ್ಷತೆ. ಅಮೆರಿಕಕ್ಕೆ ಹೋಗಿ ಬಂದು 'ಅಪರವಯಸ್ಕನ ಅಮೆರಿಕಾ ಯಾತ್ರೆ' ಬರೆದರು. ನಾನು ಕಂಪನಿ ಕೆಲಸದ ಮೇಲೆ ಆರು ತಿಂಗಳು ಅಮೆರಿಕದಲ್ಲಿದ್ದಾಗ ಅದನ್ನು ಜೊತೆಗೆ ಒಯ್ದಿದ್ದೆ. ಆ ದೇಶವನ್ನು ನಾನು ಕಂಪ್ಯೂಟರ್ ಪರದೆಯ ಸಂದಿಯಲ್ಲಿ ನೋಡಿದೆ, ಅವರು ಕಣ್ಣು ತೆರೆದು ನೋಡಿದ್ದರು. ತೊಂಬತ್ತರ ಅಂಚಿನಲ್ಲಿ 'ಸಂಜೆಗಣ್ಣಿನ ಹಿನ್ನೋಟ' ಎಂಬ ಆತ್ಮಕಥೆ ಬಂತು. ಸಾಧಾರಣವಾಗಿ ಆತ್ಮಕಥೆ ಬರೆದ ಮೇಲೆ ಲೇಖಕರ ಕೆಲಸ ಮುಗಿಯುತ್ತದೆ. ಇವರು ಹಾಗಲ್ಲ. 1991ರಲ್ಲಿ 'ದೇವರು' ಪ್ರಕಟವಾಯಿತು.

ಇಲ್ಲಿ ನಮ್ಮ ಮನೆಯ ಮಾತು ಹೇಳಬೇಕು. ಊರಿನವರಿಗೆ ಗೊತ್ತಿರುವುದೇ. 2003ರ ಡಿಸೆಂಬರಿನಲ್ಲಿ ನನ್ನ ತಮ್ಮ ತೀರಿಕೊಂಡ. ಮೂರನೇ ತರಗತಿ, ಎಂಟು ವರ್ಷ. ಸೋಮವಾರ ಜ್ವರ ಬಂತು, ಬುಧವಾರ ಕೈಕಾಲು ಸೆಟೆದುಕೊಂಡವು, ಶುಕ್ರವಾರ ದೊಡ್ಡಾಸ್ಪತ್ರೆಯಿಂದ ಹೆಣ ತಂದೆವು. ಮೆದುಳು ಜ್ವರ. ಆ ವರ್ಷಗಳಲ್ಲಿ ನಮ್ಮ ಜಿಲ್ಲೆಯ ಎಷ್ಟೋ ಮನೆಗಳಲ್ಲಿ ಈ ಹೆಸರು ಕೇಳಿ ಎದೆ ನಡುಗುತ್ತಿತ್ತು.

ಸಾವಿನ ಮನೆಗೆ ಬಂದವರು ಸಮಾಧಾನ ಹೇಳಲೇಬೇಕು, ಹೇಳಿದರು. ಋಣ ತೀರಿತು ಎಂದರು. ಹಿಂದಿನ ಜನ್ಮದ ಕರ್ಮ ಎಂದರು. ಅವರು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೆ ಅವ್ವನ ಹೊಟ್ಟೆಯೊಳಗೆ ಇನ್ನೊಂದು ಮಾತಿತ್ತು. ತಮ್ಮ ಹುಟ್ಟಿದಾಗ ಊರಮ್ಮನಿಗೆ ಅವನ ಮುಡಿ ಕೊಡುತ್ತೇನೆಂದು ಹರಕೆ ಹೊತ್ತಿದ್ದಳು. ಒಂದು ವರ್ಷ ಬರ, ಒಂದು ವರ್ಷ ಅಪ್ಪನಿಗೆ ಕಾಲು ಮುರಿದದ್ದು, ಹೀಗೆ ಹರಕೆ ಮುಂದಕ್ಕೆ ಹೋಗುತ್ತಲೇ ಇತ್ತು. ಅದಕ್ಕೇ ಅಮ್ಮ ಮಗುವನ್ನೇ ತೆಗೆದುಕೊಂಡಳು ಎಂದು ಅವ್ವ ನಂಬಿಬಿಟ್ಟಳು. ರಾತ್ರಿ ಎದ್ದು ಕೂರುತ್ತಿದ್ದಳು. ಊಟ ಬಿಟ್ಟಳು. ಮಗು ಹೋದ ದುಃಖ ಒಂದು ಪಾಲಾದರೆ, ತಾನೇ ಕೊಂದೆನೆಂಬ ದುಃಖ ಹತ್ತು ಪಾಲು.

ಬೇಸಿಗೆ ರಜೆ ಮುಗಿದು ಹತ್ತನೇ ತರಗತಿ ಶುರುವಾದಾಗ ನಾನು ಯಾರೊಡನೆಯೂ ಮಾತಾಡುತ್ತಿರಲಿಲ್ಲ. ಆಗ ಕನ್ನಡ ಮೇಷ್ಟ್ರು ಬೀರು ತೆಗೆದು ಆ ಪುಸ್ತಕ ಕೊಟ್ಟರು. ಅರ್ಥವಾಗದಿದ್ದರೆ ವಾಪಸ್ಸು ತಾ ಎಂದರು, ಅಷ್ಟೆ.

ಅರ್ಧ ಅರ್ಥವಾಗಲಿಲ್ಲ. ಅರ್ಥವಾದ ಅರ್ಧ ಸಾಕಾಗಿತ್ತು. ಪುಸ್ತಕದ ಮುಖ್ಯ ತೊಡಕು ನಾನು ಕಂಡಂತೆ ಹೀಗಿದೆ. ದೇವರು ಎಲ್ಲವನ್ನೂ ಬಲ್ಲವನು ಎನ್ನುತ್ತೇವೆ, ಎಲ್ಲವನ್ನೂ ಮಾಡಬಲ್ಲವನು ಎನ್ನುತ್ತೇವೆ, ಕರುಣಾಮಯಿ ಎನ್ನುತ್ತೇವೆ. ಈ ಮೂರೂ ನಿಜವಾಗಿದ್ದರೆ ಏನೂ ತಪ್ಪು ಮಾಡದ ಜೀವ ಯಾಕೆ ನರಳಬೇಕು? ಈಗ ನನ್ನ ಕೆಲಸದ ಭಾಷೆಯಲ್ಲಿ ಹೇಳುವುದಾದರೆ, ಮೂರು ಷರತ್ತುಗಳೂ ಸರಿಯೆಂದು ಪ್ರೋಗ್ರಾಮ್ ಹೇಳುತ್ತದೆ, ಹೊರಗೆ ಬರುವ ಉತ್ತರ ಮಾತ್ರ ತಾಳೆಯಾಗುವುದಿಲ್ಲ. ಹಾಗಾದರೆ ಯಾವುದೋ ಒಂದು ಷರತ್ತು ತಪ್ಪಿರಬೇಕು. ಕರ್ಮ ಎಂದು ಹೇಳಿ ತಪ್ಪಿಸಿಕೊಳ್ಳುವುದಕ್ಕೂ ಅವರು ಬಿಡುವುದಿಲ್ಲ. ಆ ಪುಟಗಳನ್ನು ಓದುತ್ತ ನನಗೆ ಹೊಳೆದದ್ದು ಇಷ್ಟು: ನಾನು ತಪ್ಪು ಮಾಡಿದರೆ ಯಾಕೆ ಹೊಡೆಯುತ್ತೇನೆಂದು ಪಿ.ಟಿ. ಮೇಷ್ಟ್ರು ಸಹ ಹೇಳಿಯೇ ಹೊಡೆಯುತ್ತಾರೆ. ನೆನಪೇ ಇಲ್ಲದ ಜನ್ಮದ, ನೆನಪೇ ಇಲ್ಲದ ತಪ್ಪಿಗೆ ಎಂಟು ವರ್ಷದ ಹುಡುಗನಿಗೆ ಮರಣದಂಡನೆ ಎಂಥ ನ್ಯಾಯ?

ಮೂರ್ತಿರಾಯರು ಇದನ್ನೆಲ್ಲ ಅರಚಿ ಹೇಳುವುದಿಲ್ಲ. ನಂಬಿದವರನ್ನು ಮೂಢರೆಂದು ಹಂಗಿಸುವುದಿಲ್ಲ. ಮನುಷ್ಯ ಮನುಷ್ಯನನ್ನು ಪ್ರೀತಿಸಲು ದೇವರ ಅಪ್ಪಣೆ ಬೇಕಿಲ್ಲ ಎಂಬ ವಿಶ್ವಾಸ ಅವರಿಗಿತ್ತು. ತೊಂಬತ್ತು ದಾಟಿದವರು, ಸಾವು ಬಾಗಿಲಲ್ಲಿ ನಿಂತ ವಯಸ್ಸು. ಆ ವಯಸ್ಸಿನಲ್ಲಿ ನಮ್ಮಲ್ಲಿ ಹೆಚ್ಚಿನವರು ಯಾವುದಕ್ಕೂ ಇರಲಿ ಎಂದು ದೇವರ ಕಡೆ ವಾಲುತ್ತಾರೆ. ಇವರು ವಾಲಲಿಲ್ಲ, ಹಾಗೆಂದು ಜಂಬವನ್ನೂ ಪಡಲಿಲ್ಲ.

ಆ ಧೈರ್ಯದ ಮೇಲೆ ನಾನು ಅವ್ವನ ಹತ್ತಿರ ಹೋದೆ. ದೇವರಿಲ್ಲ ಎಂದು ಹೇಳುವ ಧೈರ್ಯ ಬರಲಿಲ್ಲ, ಇವತ್ತಿಗೂ ಬಂದಿಲ್ಲ. ಆರೋಗ್ಯ ಕೇಂದ್ರದ ಸಿಸ್ಟರ್ ಕೊಟ್ಟ ಕರಪತ್ರ ಓದಿ ಹೇಳಿದೆ. ಗದ್ದೆಯ ನಿಂತ ನೀರಿನಲ್ಲಿ ಹುಟ್ಟುವ ಸೊಳ್ಳೆ, ಹಂದಿಯ ಮೈಯಲ್ಲಿರುವ ವೈರಸ್ಸು, ಸೊಳ್ಳೆ ಕಚ್ಚಿ ಮನುಷ್ಯನಿಗೆ ಬರುವುದು, ಇದಕ್ಕೂ ಮುಡಿಗೂ ಸಂಬಂಧವಿಲ್ಲ ಎಂದೆ. ಅವ್ವ ಪೂರ್ತಿ ಕೇಳಿದಳು. ಆಮೇಲೆ, ಸೊಳ್ಳೆ ನಿನಗೂ ಕಚ್ಚಿತ್ತಲ್ಲ, ನನಗೂ ಕಚ್ಚಿತ್ತಲ್ಲ, ಅವನೊಬ್ಬನೇ ಯಾಕೆ ಎಂದು ಕೇಳಿದಳು. ನನ್ನ ಹತ್ತಿರ ಉತ್ತರವಿರಲಿಲ್ಲ. ಒಂದಕ್ಷರ ಓದದ ನನ್ನ ಅವ್ವ ಆ ಪುಸ್ತಕ ಶುರುವಾಗುವ ಜಾಗಕ್ಕೇ ಬಂದು ನಿಂತಿದ್ದಳು. ಕೊನೆಗೆ, ನೀನು ತಾಯಿ, ಅವಳೂ ತಾಯಿ, ಕೂದಲಿನ ಬಾಕಿಗೆ ನೀನು ಯಾರ ಮಗುವನ್ನಾದರೂ ಎಳೆದುಕೊಳ್ಳುತ್ತಿದ್ದೆಯಾ ಎಂದು ಕೇಳಿದೆ. ಅದಕ್ಕೆ ಅವಳು ಏನೂ ಹೇಳಲಿಲ್ಲ. ಆ ರಾತ್ರಿ ಮುದ್ದೆ ಉಂಡಳು.

ಮುಂದಿನ ಜಾತ್ರೆಯಲ್ಲಿ ತಮ್ಮನ ಬದಲು ನನ್ನ ಮುಡಿ ಕೊಡಿಸಿದಳು. ಒಲ್ಲೆ ಎನ್ನಲಿಲ್ಲ, ತಲೆ ಬಗ್ಗಿಸಿ ಕೂತೆ. ಬೋಳು ತಲೆಯಲ್ಲಿ ತರಗತಿಗೆ ಹೋದಾಗ ಪುಸ್ತಕ ಓದಿ ಇದೇನೋ ಎಂದು ಮೇಷ್ಟ್ರು ನಗಬಹುದೆಂದು ಹೆದರಿದ್ದೆ. ಅವರು ನಗಲಿಲ್ಲ. ಸಾಕ್ರಟೀಸನ ಹುಂಜದ ಕಥೆಯನ್ನು ಅವರು ನನಗೆ ಹೇಳಿದ್ದು ಆ ದಿನ. ಕೆಲವು ವರ್ಷಗಳ ಮೇಲೆ ನಮ್ಮ ಕಡೆಯ ಮಕ್ಕಳಿಗೆಲ್ಲ ಮೆದುಳು ಜ್ವರದ ಲಸಿಕೆ ಹಾಕಲು ಬಂದರು. ಅವ್ವ ಬೀದಿಯ ಮಕ್ಕಳನ್ನೆಲ್ಲ ಕೈ ಹಿಡಿದು ಎಳೆದುಕೊಂಡು ಹೋಗಿ ಸಾಲಿನಲ್ಲಿ ನಿಲ್ಲಿಸಿದಳು.

'ದೇವರು' ಕೃತಿಗೆ 1991ರ ಸಾಲಿನ ಕರ್ನಾಟಕ ಸರ್ಕಾರದ ಪಂಪ ಪ್ರಶಸ್ತಿ ಬಂತು. ಮೊದಲ ಪಂಪ ಪ್ರಶಸ್ತಿ ಪಡೆದದ್ದು ಕುವೆಂಪು ಅವರ ಶ್ರೀ ರಾಮಾಯಣ ದರ್ಶನಂ, ಅದೇ ಸಾಲಿನಲ್ಲಿ ಈ ಪುಸ್ತಕ. ದೇವರಿಲ್ಲವೆನ್ನುವ ಪುಸ್ತಕಕ್ಕೆ ಇಂಥ ಮನ್ನಣೆಯೇ ಎಂದು ಒಪ್ಪದವರಿದ್ದರು, ಮೆಚ್ಚಿದವರೂ ಇದ್ದರು, ಪರ ವಿರೋಧದ ಚರ್ಚೆ ಬಹಳ ಕಾಲ ನಡೆಯಿತು. ದೇಶದಲ್ಲಿ ದೇವರ ಹೆಸರಿನಲ್ಲಿ ಕಾವೇರಿದ್ದ ವರ್ಷಗಳವು. ಆದರೂ ಒಂದು ಮಾತು ಹೇಳಬೇಕು. ಪುಸ್ತಕವನ್ನು ಯಾರೂ ಸುಡಲು ಹೋಗಲಿಲ್ಲ, ಓದಿದರು, ವಾದಿಸಿದರು, ಮತ್ತೆ ಮತ್ತೆ ಅಚ್ಚು ಹಾಕಿಸಿದರು. ಒಬ್ಬ ಸರ್ಕಾರಿ ಶಾಲೆಯ ಮೇಷ್ಟ್ರು ಅದನ್ನು ಶಾಲೆಯ ಬೀರುವಿಗೆ ತಂದು ಇಡುವಷ್ಟು ಧೈರ್ಯ ಆಗಿನ ಗಾಳಿಯಲ್ಲಿತ್ತು.

ಮೂರ್ತಿರಾಯರ ಮಾತನ್ನೆಲ್ಲ ನಾನು ಒಪ್ಪಿದ್ದೇನೆಂದು ತಿಳಿಯಬಾರದು. ಮೂವತ್ತು ದಾಟಿದ ಮೇಲೆ ಮತ್ತೆ ಓದಿದಾಗ ಒಂದು ಕೊರತೆ ಕಂಡಿತು. ಅವರು ಪ್ರಶ್ನೆ ಕೇಳುವುದು ಸರ್ವಶಕ್ತ, ಸರ್ವಜ್ಞ, ದಯಾಮಯ ಎನ್ನಿಸಿಕೊಂಡ ದೇವರನ್ನು. ಅದು ಮೇಲುಕೋಟೆಯ ದೇವರು, ಮಿಷನ್ ಶಾಲೆಯ ದೇವರು. ನಮ್ಮ ಊರಮ್ಮ ತಾನು ಸರ್ವಜ್ಞೆ ಎಂದು ಯಾವತ್ತೂ ಹೇಳಿಕೊಂಡವಳಲ್ಲ. ಅವಳಿಗೆ ಸಿಟ್ಟು ಬರುತ್ತದೆ, ಮುನಿಸಿಕೊಳ್ಳುತ್ತಾಳೆ, ತಂಪು ಮಾಡಿದರೆ ಒಲಿಯುತ್ತಾಳೆ. ಅವಳೊಡನೆ ಚೌಕಾಸಿ ಮಾಡಬಹುದು, ಮಳೆ ಬಾರದಿದ್ದರೆ ಬೈಯಲೂ ಬಹುದು. ಆ ತರ್ಕ ಇವಳಿಗೆ ತಾಗುವುದೇ ಇಲ್ಲ. ಅವ್ವನ ಭಯಕ್ಕೆ ಉತ್ತರ ಆ ಪುಸ್ತಕದಲ್ಲಿ ನೇರವಾಗಿ ಸಿಗದೆ, ನಾನೇ ಹುಡುಕಿಕೊಳ್ಳಬೇಕಾಗಿ ಬಂದದ್ದು ಅದಕ್ಕೇ ಇರಬೇಕು. ಮೂರ್ತಿರಾಯರು ಬದುಕಿದ್ದಿದ್ದರೆ ಇದನ್ನು ಕೇಳುತ್ತಿದ್ದೆ. ಅವರ ಬರಹದಿಂದ ಅವರನ್ನು ಬಲ್ಲಷ್ಟರಲ್ಲಿ ಹೇಳುವುದಾದರೆ, ಸಿಟ್ಟಾಗುತ್ತಿರಲಿಲ್ಲ.

ಕೊನೆಯದಾಗಿ ಒಂದು ತಪ್ಪೊಪ್ಪಿಗೆ. ಮೇಷ್ಟ್ರು ಕೊಟ್ಟ ಆ ಪುಸ್ತಕವನ್ನು ನಾನು ವಾಪಸ್ಸು ಕೊಡಲಿಲ್ಲ. ಪರೀಕ್ಷೆ ಬಂತು, ಮೇಷ್ಟ್ರಿಗೆ ವರ್ಗವಾಯಿತು, ನಾನು ಊರು ಬಿಟ್ಟೆ. ಶಾಲೆಯ ದುಂಡು ಮೊಹರು, ಕೆಂಪು ಶಾಯಿಯ ನಂಬರು ಇನ್ನೂ ಹಾಗೇ ಇವೆ. ಕರ್ಮದ ಬಗ್ಗೆ ಬರುವ ಪುಟದಲ್ಲಿ ಪೆನ್ಸಿಲ್ ಗೀಟು ಇದೆ, ಅದು ನನ್ನದು. ಬೀರುವಿನ ಬಾಗಿಲಿಗೆ ಅಂಟಿಸಿದ್ದ ನಿಯಮದ ಪ್ರಕಾರ ತಡವಾದರೆ ದಿನಕ್ಕೆ ಐದು ಪೈಸೆ ದಂಡ. ಇಪ್ಪತ್ತ್ಯೊಂದು ವರ್ಷಕ್ಕೆ ಲೆಕ್ಕ ಹಾಕಿದರೆ ಸುಮಾರು 383 ರೂಪಾಯಿ ಆಗುತ್ತದೆ. ಸಮಾರಂಭದ ದಿನ ಪುಸ್ತಕವನ್ನೂ ದಂಡವನ್ನೂ ತರುತ್ತೇನೆ, ಜೊತೆಗೆ 'ಆಷಾಢಭೂತಿ'ಯ ಒಂದು ಪ್ರತಿಯನ್ನೂ. ಅವ್ವನೂ ಬರುತ್ತಾಳೆ.